ನಿಂತ ಯಂತ್ರವನ್ನು ಕೊಳ್ಳುವ ವಿವೇಕ

ತುಂಗಭದ್ರೆಯ ತೀರದ ಹರಿಹರವು, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಹೇಗೋ, 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಲೂ ಹಾಗೆಯೇ ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಉದಯಿಸುವುದಕ್ಕೆ ಹನ್ನೆರಡು ವರ್ಷ ಮುಂಚೆಯೇ, ಯಂತ್ರಗಳನ್ನು ಹೆರುವ ಯಂತ್ರಗಳು ಈ ನಾಡಿನಲ್ಲಿಯೇ ರೂಪುಗೊಳ್ಳಬೇಕೆಂಬ ಸಂಕಲ್ಪಕ್ಕೆ ಹರಿಹರ ನೆಲೆಯಾಯಿತು. ಕಾರ್ಖಾನೆಯ ನೆಲಕ್ಕೆ ಯಂತ್ರಪುರವೆಂಬ ಹೆಸರೇ ನಿಂತಿತು. ಈ ಶತಮಾನದ ಆದಿಯಲ್ಲಿ ಕಾರ್ಖಾನೆಯು ಮುಚ್ಚಿತಾದರೂ, ಅಲ್ಲಿಂದ ಹೊರಟ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಇಂದಿಗೂ ದುಡಿಯುತ್ತಿವೆ. ಮತ್ತೆ ಕೆಲವು, ಒಡೆಯನು ಗತಿಸಿಯೋ ವ್ಯವಹಾರವು ಕುಸಿದೋ, ಷೆಡ್ಡುಗಳ ಮೂಲೆಯಲ್ಲಿ ತಾಡಪಾಲಿನಡಿ ವರ್ಷಗಟ್ಟಲೆ ನಿಂತು, ಕೊಳ್ಳುವವನಿಗಾಗಿಯೋ ಗುಜರಿಯ ತಕ್ಕಡಿಗಾಗಿಯೋ ಕಾದಿವೆ.

ಹೊಸ ಲೇತಿನ ಬೆಲೆಗೆ ಕೈ ಎಟುಕದ ದಾವಣಗೆರೆಯ ತರುಣನೊಬ್ಬನು ಸಣ್ಣದೊಂದು ವರ್ಕ್‌ಶಾಪನ್ನು ತೆರೆಯಬಯಸಿದರೆ, ಇಂತಹ ನಿಂತ ಯಂತ್ರವೇ ಅವನ ಭಾಗ್ಯವೂ ಆಗಬಹುದು, ಸಾಲದ ಹೊರೆಯೂ ಆಗಬಹುದು. ಇವೆರಡರಲ್ಲಿ ಯಾವುದೆಂಬುದನ್ನು ನಿರ್ಣಯಿಸುವುದು ಪರೀಕ್ಷೆ. ಪರೀಕ್ಷಕನು ಮೊದಲು ಮನಗಾಣಬೇಕಾದ ಭೇದವೊಂದುಂಟು: ದುಡಿಮೆಯಿಂದಾದ ಸವೆತ ಬೇರೆ, ನಿಷ್ಕ್ರಿಯತೆಯಿಂದಾದ ಕೇಡು ಬೇರೆ. ಸವೆತವು ಅಳತೆಗೆ ಸಿಕ್ಕುವುದರಿಂದ ಅದಕ್ಕೆ ಬೆಲೆ ಕಟ್ಟಬಹುದು. ಕೇಡಾದರೋ ಎಣ್ಣೆಯ ಕೆಳಗೆ, ಬಣ್ಣದ ಹಿಂದೆ, ಮೋಟಾರಿನ ಸುರುಳಿಯೊಳಗೆ ಅವಿತಿರುವುದರಿಂದ ಅದನ್ನು ಅರಸಿ ಹೊರಗೆಡಹಬೇಕು.

ಸವೆತವನ್ನು ಹುಡುಕತಕ್ಕದ್ದು ಬೆಡ್ಡಿನಲ್ಲಿ. ಲೇತಿನ ಬಹುಪಾಲು ಕೆಲಸ ಚಕ್ಕಿನ ಸಮೀಪದಲ್ಲಿಯೇ ನಡೆಯುವುದರಿಂದ, ಬೆಡ್ಡಿನ ಹಳಿಗಳು ಹೆಡ್‌ಸ್ಟಾಕಿನ ಬದಿಯಲ್ಲಿ ಹೆಚ್ಚು ಸವೆದು, ಟೇಲ್‌ಸ್ಟಾಕಿನ ಬದಿಯಲ್ಲಿ ಬಹುಮಟ್ಟಿಗೆ ಮೊದಲಿನಂತೆಯೇ ಉಳಿದಿರುತ್ತವೆ. ಉಗುರನ್ನು ಹಳಿಗೆ ಅಡ್ಡಲಾಗಿ ಎಳೆದಾಗ ಮೆಟ್ಟಿಲು ತಗುಲಿತೆಂದರೆ ಅದು ಸವೆತದ ಸಾಕ್ಷಿ. ಚಕ್ಕಿನ ಬಳಿ ಕ್ಯಾರೇಜು ಸಡಿಲವಾಗದಂತೆ ಗಿಬ್ಬುಗಳನ್ನು ಬಿಗಿಗೊಳಿಸಿ, ಅನಂತರ ಅದನ್ನು ಇನ್ನೊಂದು ತುದಿಗೆ ಸರಿಸಿದಾಗ ಅದು ನಡುವೆಯೇ ಬಿಗಿದು ನಿಂತರೆ, ಬೆಡ್ಡನ್ನು ಗ್ರೈಂಡ್ ಮಾಡಿಸುವ ವೆಚ್ಚವನ್ನು ಕ್ರಯದಲ್ಲಿ ಕಳೆಯಲೇಬೇಕು. ಸ್ಪಿಂಡಲಿಗೆ ಡಯಲ್ ಗೇಜನ್ನು ತಾಗಿಸಿ ಕೈಯಿಂದ ತಿರುಗಿಸಿದಾಗ ಮುಳ್ಳು ಎಷ್ಟು ತೂಗಾಡುವುದೆಂಬುದನ್ನೂ, ಚಕ್ಕಿನಡಿ ಮರದ ದಿಮ್ಮಿಯಿಟ್ಟು ಮೀಟಿದಾಗ ಬೇರಿಂಗಿನಲ್ಲಿ ಎಷ್ಟು ಆಟವಿದೆಯೆಂಬುದನ್ನೂ ನೋಡತಕ್ಕದ್ದು. ಥ್ರೆಡ್ ಕತ್ತರಿಸುವ ಚೇಂಜ್ ಗಿಯರುಗಳು ಪೂರ್ಣವಾಗಿವೆಯೇ ಎಂದು ಎಣಿಸದೆ ಮುಂಗಡ ಕೊಡುವುದು ಅವಿವೇಕ. ತಯಾರಿಕೆ ನಿಂತುಹೋದ ಲೇತಿಗೆ ಕಳೆದ ಗಿಯರೊಂದನ್ನು ಒದಗಿಸುವುದು ಸುಲಭಸಾಧ್ಯವಲ್ಲ.

ನಿಷ್ಕ್ರಿಯತೆಯ ಕೇಡು ಇದಕ್ಕಿಂತ ಸೂಕ್ಷ್ಮ. ಮೇಲ್ಮೈಯ ಕೆಂದುಕ್ಕು ಎಣ್ಣೆಗೂ ಉಜ್ಜುಗಲ್ಲಿಗೂ ಮಣಿಯುತ್ತದೆ. ಆದರೆ ಕ್ಯಾರೇಜು ಹಲವು ಮಳೆಗಾಲ ಒಂದೇ ತಾವಿನಲ್ಲಿ ನಿಂತಿದ್ದರೆ, ಅದರ ಅಡಿಯಲ್ಲಿ ತೇವವು ತಂಗಿ ಕೊರೆದ ಗುಳಿಗಳು ಕ್ಯಾರೇಜನ್ನು ಸರಿಸಿದ ಹೊರತು ಕಾಣಲಾರವು. ಗಿಯರುಪೆಟ್ಟಿಗೆಯ ಹಳೆಯ ಎಣ್ಣೆ ಜೋನಿಬೆಲ್ಲದಂತೆ ಮಂದವಾಗಿ ಎಣ್ಣೆಯ ಕಾಲುವೆಗಳನ್ನು ಮುಚ್ಚಿರುವುದುಂಟು. ಮೋಟಾರಿನ ಸುರುಳಿಗಳು ತೇವವನ್ನು ಹೀರಿರಬಹುದಾದ್ದರಿಂದ, ವಿದ್ಯುತ್ತನ್ನು ಹರಿಸುವ ಮುನ್ನ 500 ವೋಲ್ಟಿನ ಮೆಗ್ಗರಿನಿಂದ ನಿರೋಧವನ್ನು ಅಳೆಯತಕ್ಕದ್ದು. ಒಂದು ಮೆಗಾಓಮಿಗೂ ಕಡಿಮೆಯಿದ್ದರೆ ಒಣಗಿಸದೆ ಚಾಲನೆ ಕೊಡಲಾಗದು. ಹೊಸದಾಗಿ ಬಳಿದ ಹಸಿರು ಬಣ್ಣವನ್ನು ಕಂಡಾಗಲಂತೂ ಎಚ್ಚರಿಕೆ ಇಮ್ಮಡಿಯಾಗಬೇಕು. ಬೀಡಿನಲ್ಲಿ ಬಿಟ್ಟ ಬಿರುಕೂ, ಅದಕ್ಕೆ ಹಾಕಿದ ಬೆಸುಗೆಯೂ ಅದರ ಹಿಂದೆಯೇ ಮರೆಯಾಗಿರಬಲ್ಲವು.

ಸಮುದ್ರತೀರದ ದೇಶಗಳಲ್ಲಿ ಬಹುಕಾಲ ದಡದಲ್ಲಿರಿಸಿದ ಮೋಟಾರು ವಿಹಾರನೌಕೆಯನ್ನು ಕೊಳ್ಳುವವರು ತಜ್ಞನೊಬ್ಬನನ್ನು ನೇಮಿಸಿಕೊಳ್ಳುವುದು ರೂಢಿ. ಅವನು ನೌಕೆಯ ತಳವನ್ನು ಸುತ್ತಿಗೆಯಿಂದ ತಟ್ಟಿ ನಾದವನ್ನು ಆಲಿಸಿ, ತೇವವನ್ನು ಅಳೆದು, ಎಂಜಿನ್ನಿನ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಕಡೆಗೆ ನೌಕೆಯನ್ನು ನೀರಿಗಿಳಿಸಿ ಪೂರ್ಣವೇಗದಲ್ಲಿ ಓಡಿಸಿದ ಮೇಲಲ್ಲದೆ ಅಭಿಪ್ರಾಯ ಕೊಡನು. ನಿಂತಲ್ಲಿ ಪರೀಕ್ಷೆ, ಆಮೇಲೆ ಭಾರದಡಿಯಲ್ಲಿ ಪರೀಕ್ಷೆ ಎಂಬ ಈ ಕ್ರಮವು ಲೇತಿಗೂ ಯಥಾವತ್ತಾಗಿ ಸಲ್ಲುತ್ತದೆ. ಹಳೆಯ ಎಣ್ಣೆಯನ್ನು ಬಸಿದು, ಹೊಸದನ್ನು ತುಂಬಿ, ಸ್ಪಿಂಡಲನ್ನು ಕೈಯಿಂದ ಹಲವು ಸುತ್ತು ತಿರುಗಿಸಿ, ಕನಿಷ್ಠ ವೇಗದಿಂದ ಆರಂಭಿಸಿ ಒಂದೊಂದೇ ಗಿಯರಿಗೆ ಏರುತ್ತ ಕಿವಿಗೊಡಬೇಕು. ಮುರಿದ ಹಲ್ಲು ಪ್ರತಿ ಸುತ್ತಿಗೂ ತಪ್ಪದೆ ಬಡಿಯುತ್ತದೆ.

ಅಂತಿಮ ಸಾಕ್ಷ್ಯವನ್ನು ನುಡಿಯುವುದು ಕತ್ತರಿಸಿದ ಲೋಹ. ಚಕ್ಕಿನಲ್ಲಿ ದಪ್ಪನೆಯ ಸರಳೊಂದನ್ನು ಹಿಡಿಸಿ, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಸುಮಾರು 150 ಮಿಲಿಮೀಟರ್ ಅಂತರದಲ್ಲಿ ಎರಡು ಪಟ್ಟಿಗಳನ್ನು ಒಂದೇ ಹದದಲ್ಲಿ ನವಿರಾಗಿ ಹೆರೆದು, ಮೈಕ್ರೋಮೀಟರಿನಿಂದ ಅಳೆದರೆ ಎರಡರ ವ್ಯಾಸವೂ ಸಮವಾಗಿರಬೇಕು. ವ್ಯತ್ಯಾಸ ಕಂಡಾಗಲೂ ಒಡನೆಯೇ ನಿರಾಶೆ ಸಲ್ಲದು. ಏರುತಗ್ಗಿನ ನೆಲದಲ್ಲಿ ವರ್ಷಗಟ್ಟಲೆ ನಿಂತ ಬೆಡ್ಡು ಕೊಂಚ ತಿರುಚಿಕೊಂಡಿರುತ್ತದೆ. ಸೂಕ್ಷ್ಮ ಮಟ್ಟಗೋಲನ್ನಿಟ್ಟು ಪಾದಗಳನ್ನು ಸಮಮಾಡಿ, ಕೆಲವು ದಿನ ಬಿಟ್ಟು ಮರುಪರೀಕ್ಷಿಸಿದಾಗ ಆ ದೋಷವು ತಾನಾಗಿ ಪರಿಹಾರವಾಗುವುದುಂಟು. ಮಟ್ಟಮಾಡಿದ ಬಳಿಕವೂ ಉಳಿಯುವ ದೋಷವೇ ನಿಜವಾದ ಸವೆತ, ಇಲ್ಲವೇ ಹೆಡ್‌ಸ್ಟಾಕಿನ ಓರೆ.

ಕಾಗದಪತ್ರಗಳನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಯಂತ್ರದ ಮೇಲೆ ಬ್ಯಾಂಕಿನ ಸಾಲವಿಲ್ಲವೆಂಬ ಪತ್ರ, ಕ್ರಮಸಂಖ್ಯೆಯನ್ನು ನಮೂದಿಸಿದ ಬಿಲ್ಲು, ಇವೆರಡೂ ಕೈಸೇರದೆ ಹಣ ಕೈಬಿಡಲಾಗದು. ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲಿಯೇ ಮಾರುವ ಯಂತ್ರವಾದರೆ ಪರೀಕ್ಷೆಯೆಲ್ಲವೂ ಕೂಗಿಗೆ ಮುಂಚೆಯೇ ಮುಗಿಯಬೇಕು. ಸಾಗಿಸುವಾಗ ಲೀಡ್ ಸ್ಕ್ರೂವಿಗೆ ಹಗ್ಗ ಬಿಗಿಯದಂತೆ ನೋಡಿಕೊಳ್ಳದಿದ್ದರೆ, ಇಷ್ಟೆಲ್ಲ ಜಾಗರೂಕತೆಯೂ ಕ್ರೇನಿನ ಒಂದು ಎಳೆತಕ್ಕೆ ವ್ಯರ್ಥವಾದೀತು.

ಈ ವಿದ್ಯೆಯು ಪುಸ್ತಕದಿಂದ ಪೂರ್ಣವಾಗಿ ಬರತಕ್ಕದ್ದಲ್ಲ. ಯಂತ್ರಪುರದಲ್ಲಿ ದುಡಿದು ನಿವೃತ್ತರಾದ ಟರ್ನರುಗಳೂ ಫಿಟ್ಟರುಗಳೂ ಇನ್ನೂ ನಮ್ಮ ನಡುವೆ ಇದ್ದಾರೆ. ಅಂತಹವರೊಬ್ಬರನ್ನು ಯೋಗ್ಯ ಸಂಭಾವನೆಯೊಡನೆ ಜೊತೆಗೆ ಕರೆದೊಯ್ಯುವವನು ಯಂತ್ರವನ್ನೂ ವಿದ್ಯೆಯನ್ನೂ ಏಕಕಾಲದಲ್ಲಿ ಸಂಪಾದಿಸುತ್ತಾನೆ. 1951ರಲ್ಲಿ ಆರಂಭವಾದ ದಾವಣಗೆರೆಯ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಾಗಲಿ, ಈ ಸೀಮೆಯ ಐ.ಟಿ.ಐ.ಗಳಾಗಲಿ, ಈ ಹಿರಿಯರನ್ನು ಆಹ್ವಾನಿಸಿ ಹಳೆಯ ಯಂತ್ರಗಳ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸುವುದು ಉಚಿತ. ಬೀಡುಕಬ್ಬಿಣವು ದೀರ್ಘಾಯುಷಿ, ಅದನ್ನು ಬಲ್ಲ ಕೈಗಳ ಆಯುಸ್ಸು ಮಿತವಾದದ್ದು. ಆದ್ದರಿಂದ ಕೊಳ್ಳುವವನ ಅವಸರಕ್ಕಿಂತಲೂ ಕಲಿಯುವವನ ಅವಸರವೇ ಇಂದು ಹೆಚ್ಚಿನದು.