“ಹುಚ್ಚರ ಡಾಕ್ಟ್ರು ಆಗ್ತೀಯೇನೇ?”

ಕಳೆದ ತಿಂಗಳು ಒಪಿಡಿ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಇಂಟರ್ನ್ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ದಿನವಿಡೀ ಇದನ್ನೇ ಕೇಳಿ ಕೇಳಿ ನಿಮಗೇ ಡಿಪ್ರೆಷನ್ ಬರಲ್ವಾ?” ಎರಡು ವಾರದ ಪೋಸ್ಟಿಂಗ್‌ಗೆ ಬಂದವಳು. ಪಿಜಿಗೆ ಏನು ತಗೋತೀಯಾ ಅಂದರೆ, “ರೇಡಿಯಾಲಜಿ, ಸಿಗದಿದ್ರೆ ಡರ್ಮಾ” ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಸೈಕಿಯಾಟ್ರಿ? “ಅಯ್ಯೋ, ಮನೇಲಿ ಒಪ್ಪಲ್ಲ ಮೇಡಂ.”

ನಗು ಬಂತು. ನಮ್ಮಮ್ಮನೂ ಒಪ್ಪಿರಲಿಲ್ಲ. “ಐದೂವರೆ ವರ್ಷ ಓದಿ ಹುಚ್ಚರ ಡಾಕ್ಟ್ರು ಆಗ್ತೀಯೇನೇ? ನಾಳೆ ಗಂಡಿನ ಕಡೆಯವರಿಗೆ ಏನಂತ ಹೇಳ್ಲಿ?” ಅಂತ ಪಾತ್ರೆ ಕುಕ್ಕಿದ್ದಳು. ಆಮೇಲೆ ಎಷ್ಟೋ ವರ್ಷ ನೆಂಟರ ಮುಂದೆ ನಾನು ‘ನರದ ಡಾಕ್ಟ್ರು’.

ನನ್ನನ್ನು ಈ ಕಡೆ ತಿರುಗಿಸಿದವಳು ಒಬ್ಬ ಬಾಣಂತಿ. ನಾನಾಗ ಇಂಟರ್ನ್. ಆಕೆಗೆ ಹೆರಿಗೆಯಾಗಿ ಹನ್ನೆರಡು ದಿನ. ತೋಳಿಗೆ ತಾಯಿತ, ನಾಲ್ಕು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. “ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ” ಅಂತ ಕೂಗುತ್ತಿದ್ದಳು. ಮಗುವನ್ನು ಅವಳ ಪಕ್ಕ ಮಲಗಿಸಲು ಅತ್ತೆಗೆ ಭಯ. ಗಂಡ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಇವಳ ಸಂಸಾರ ಮುಗೀತು ಅಂದುಕೊಂಡೆ. ಮೂರು ವಾರ ಔಷಧಿ, ನಿದ್ದೆ, ಆರೈಕೆ ಆದ ಮೇಲೆ ಒಂದು ಬೆಳಿಗ್ಗೆ ರೌಂಡ್ಸ್‌ಗೆ ಹೋದರೆ ಆಕೆ ಮಗುವಿಗೆ ಕುಲಾವಿ ಕಟ್ಟುತ್ತಿದ್ದಳು. “ನಾನು ಏನೇನೋ ಮಾತಾಡಿದ್ನಂತೆ ಮೇಡಂ?” ಅಂತ ನಾಚಿಕೊಂಡಳು. ಹೆರಿಗೆ ನಂತರದ ಸೈಕೋಸಿಸ್ ಅಪಾಯದ್ದೇ, ಆದರೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ ಎಂದು ಓದಿದ್ದೆ. ಕಣ್ಣಾರೆ ನೋಡೋದೇ ಬೇರೆ. (ಇಂಥ ತಾಯಂದಿರನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ಆರಂಭಿಸಿದೆ.)

ವಿದ್ಯಾರ್ಥಿಗಳಿಗೆ ನಾವು ತೋರಿಸುವುದರಲ್ಲೇ ಎಡವಟ್ಟಿದೆ. ಪೋಸ್ಟಿಂಗ್‌ನಲ್ಲಿ ಅವರು ನೋಡೋದು ವಾರ್ಡಿನಲ್ಲಿರುವವರನ್ನು, ಅಂದರೆ ಕಾಯಿಲೆ ತೀರಾ ಜೋರಾಗಿರುವವರನ್ನು. ವಾಸಿಯಾದವರು ವಾರ್ಡಿನಲ್ಲಿ ಯಾಕಿರ್ತಾರೆ? ಅವರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಅಡಿಕೆ ತೋಟದಲ್ಲಿ ಇರ್ತಾರೆ. ಸಂತೆಯಲ್ಲಿ ಎದುರಾದರೆ ಅವರಾಗೇ ಮಾತಾಡಿಸುವ ತನಕ ನಾನೂ ಮಾತಾಡಿಸೋದಿಲ್ಲ. ಹೀಗಾಗಿ ನಮ್ಮ ಯಶಸ್ಸು ಯಾರ ಕಣ್ಣಿಗೂ ಬೀಳುವುದಿಲ್ಲ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಇಲ್ಲ. ಮನೋವೈದ್ಯರೋ, ಲಕ್ಷಕ್ಕೆ ಒಬ್ಬರೂ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಆದರೂ ಜಿಲ್ಲೆಗಳಿಗೆ ಡಾಕ್ಟರು ಸಾಲದು.

ಇನ್ನೊಂದು ವಿಷಯ. ಖಿನ್ನತೆಗೆ ರಕ್ತಪರೀಕ್ಷೆ ಇಲ್ಲ, ಮಾತೇ ಪರೀಕ್ಷೆ. ನಮ್ಮ ಒಪಿಡಿಗೆ ಯಾರೂ “ನನಗೆ ಖಿನ್ನತೆ” ಅಂತ ಬರೋದಿಲ್ಲ. “ಮೈಯೆಲ್ಲ ಉರಿ”, “ತಲೆ ಜುಮ್ ಅಂತದೆ”, “ಎದೆ ಡವಡವ” ಅಂತ ಬರ್ತಾರೆ. ಹೀಗೇ ಬಂದ ಹೆಂಗಸೊಬ್ಬರ ಪ್ಲಾಸ್ಟಿಕ್ ಕವರಿನ ತುಂಬ ರಿಪೋರ್ಟು. ಥೈರಾಯ್ಡ್, ಬಿ-12, ಎಂಆರ್‌ಐ, ಎಲ್ಲ ನಾರ್ಮಲ್. “ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತಮ್ಮ?” ಅಂದೆ. “ಮೂರು ಗಂಟೆಗೆ. ಆಮೇಲೆ ಸೂರು ನೋಡ್ತಾ ಮಲಗಿರ್ತೀನಿ.” ಎರಡು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಊರಿನ ಕನ್ನಡ ಗೊತ್ತಿರುವ, ಕಾಲು ಗಂಟೆ ಸುಮ್ಮನೆ ಕೂತು ಕೇಳಬಲ್ಲ ಡಾಕ್ಟರಿಗೆ ಇಲ್ಲಿ ಇರುವಷ್ಟು ಕೆಲಸ ಬೇರೆಲ್ಲಿದೆಯೋ ಕಾಣೆ.

ಸುಳ್ಳು ಹೇಳಲಾರೆ. ರೇಡಿಯಾಲಜಿಯವರಷ್ಟು ದುಡ್ಡಿಲ್ಲ. ಎಲ್ಲರೂ ವಾಸಿಯಾಗುವುದೂ ಇಲ್ಲ. ಆತ್ಮಹತ್ಯೆಯಿಂದ ಕಳೆದುಕೊಂಡ ಹುಡುಗನೊಬ್ಬನ ನಂಬರನ್ನು ನಾನಿನ್ನೂ ಫೋನಿನಿಂದ ಅಳಿಸಿಲ್ಲ. ಆ ವಾರ ಸೀನಿಯರ್ ಒಬ್ಬರು ದಿನಾ ಸಂಜೆ ಬಂದು ನನ್ನ ಜೊತೆ ಕೂರುತ್ತಿದ್ದರು, ಹೆಚ್ಚೇನೂ ಮಾತಾಡದೆ. (ಓದುತ್ತಿರುವ ನಿಮಗೇ ಅಂಥ ಹೊತ್ತು ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಕನ್ನಡದಲ್ಲೇ ಮಾತಾಡಬಹುದು.)

ಇಂಟರ್ನ್ ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. “ವಾರ್ಡು ಸಾಕು, ಸೋಮವಾರ ಫಾಲೋಅಪ್ ಒಪಿಡಿಗೆ ಬಾ” ಅಂದೆ, ಅಷ್ಟೇ. ಬಂದಳು. ನಾಲ್ಕು ಗಂಟೆ ಕೂತಳು. ಬಡ್ತಿ ಸಿಕ್ಕಿತೆಂದು ಪೇಡ ತಂದ ಮೇಷ್ಟ್ರನ್ನು ನೋಡಿ, “ಇವರಿಗೂ ಸ್ಕಿಜೋಫ್ರೇನಿಯಾನಾ?” ಅಂತ ಕಿವಿಯಲ್ಲಿ ಕೇಳಿದಳು. ರೇಡಿಯಾಲಜಿ ಆಸೆ ಇನ್ನೂ ಬಿಟ್ಟಿಲ್ಲ. ಆದರೆ ಪೋಸ್ಟಿಂಗ್ ಮುಗಿದ ಮೇಲೂ ಎರಡು ಸೋಮವಾರ ಬಂದು ಹೋಗಿದ್ದಾಳೆ.

ಮೊನ್ನೆ ಅಮ್ಮನ ಫೋನು. ದನಿ ತಗ್ಗಿಸಿ, “ಹಿಂದಿನ ಬೀದಿಯವರ ಸೊಸೆ ಕಣೇ, ಬಾಣಂತಿ. ಮೂರು ದಿನದಿಂದ ನಿದ್ದೇನೇ ಮಾಡಿಲ್ವಂತೆ, ಏನೇನೋ ಮಾತಾಡ್ತಾಳಂತೆ. ನನ್ನ ಮಗಳು ಮನಸ್ಸಿನ ಡಾಕ್ಟ್ರು ಅಂತ ಹೇಳಿದೀನಿ. ಯಾವತ್ತು ಕರ್ಕೊಂಡು ಬರ್ಲಿ?”

“ಇವತ್ತೇ ಬಾಮ್ಮ. ಮಗೂನೂ ಕರ್ಕೊಂಡು ಬನ್ನಿ” ಅಂದೆ.