ಏರ್‌ಬ್ರಷ್: ಉಳಿತಾಯ ಎಲ್ಲಿ, ಎಲ್ಲಿ ಸಲ್ಲದು?

ಗಣೇಶಮೂರ್ತಿಯ ಕೆನ್ನೆಗೆ ನವಿರಾದ ಛಾಯೆ ತರುವ ಏರ್‌ಬ್ರಷ್ ಹವ್ಯಾಸಿಗಳನ್ನೂ ಸೆಳೆದಿದೆ. ಹಣ ಮಿತವಾಗಿದ್ದರೆ 0.3 ಮಿಲಿಮೀಟರ್ ಮೂತಿಯ ಸಾಧಾರಣ ಉಪಕರಣವೇ ಸಾಕು. ಆದರೆ ಕಂಪ್ರೆಸರಿಗೆ ನೀರು ಹಿಡಿಯುವ ಶೋಧಕ ಇರಲೇಬೇಕು. ಮುಂಬಯಿಯ ಮಳೆಗಾಲದ ಗಾಳಿಯಲ್ಲಿನ ತೇವ ಒತ್ತಡಕ್ಕೆ ಸಿಲುಕಿ, ತಣಿದು ನೀರಾಗುತ್ತದೆ. ಆ ಹನಿ ಬಣ್ಣದೊಡನೆ ಚಿಮ್ಮಿ ದಿನದ ಶ್ರಮವನ್ನೆಲ್ಲ ಕೆಡಿಸುತ್ತದೆ. ಕೆಲಸ ಮುಗಿದೊಡನೆ ಸೂಜಿಯನ್ನು ಜೋಪಾನವಾಗಿ ತೆಗೆದು ಒರೆಸಿ. ತುದಿ ಬಾಗಿತೋ, ಗೆರೆ ಕೆಟ್ಟಿತು.

ಜಿಪುಣತನ ಸಲ್ಲದ ಸ್ಥಳ ಮೂಗು. ಕರವಸ್ತ್ರಕ್ಕೆ ಥಿನ್ನರಿನ ಆವಿ ನಿಲ್ಲದು. ಆಕ್ಟಿವೇಟೆಡ್ ಇದ್ದಿಲಿನ ಶೋಧಕವುಳ್ಳ ಮುಖವಾಡವೇ ಬೇಕು. ಕ್ಯಾಡ್ಮಿಯಂ ಉಳ್ಳ ಹಳದಿ, ಕೆಂಪು ವರ್ಣಗಳನ್ನಂತೂ ಸಿಂಪಡಿಸಲೇಬಾರದು. ಒಂದೇ ಖೋಲಿಯಲ್ಲಿ ಅಡಿಗೆಯೂ ಮಕ್ಕಳ ನಿದ್ರೆಯೂ ನಡೆಯುವ ಮನೆಯಲ್ಲಿ ಥಿನ್ನರಿನ ಗೊಡವೆಯೇ ಬೇಡ. ಅದರ ಆವಿ ಒಲೆಯ ಕಿಡಿಗೂ ಹೊತ್ತೀತು. ಅಲ್ಲಿ ನೀರಿನಲ್ಲಿ ಕರಗುವ ಬಣ್ಣವೇ ಲೇಸು, ಅದೂ ಕಿಟಕಿ ತೆರೆದು, ಕಣ ತಡೆಯುವ ಮುಖಗವಸು ಧರಿಸಿ, ಮಕ್ಕಳು ಶಾಲೆಗೆ ಹೋದ ಮೇಲೆ.