ಪೊಟರೆಯ ನೀಲಮಣಿ

ಮುಂಬಯಿಯಿಂದ ಮದ್ರಾಸಿಗೆ ಹೋಗುವ ಹಳೆಯ ರೈಲುದಾರಿಯಲ್ಲಿ ನಮ್ಮ ಕಲಬುರ್ಗಿಯೂ ಒಂದು ನಿಲ್ದಾಣ. ಇಲ್ಲಿಂದ ಹೊರಟ ಗಾಡಿ ವಾಡಿ, ರಾಯಚೂರು, ಗುಂತಕಲ್ಲುಗಳನ್ನು ದಾಟಿ ಗುತ್ತಿಗೆ ಹೋಗುತ್ತದೆ; ಅಲ್ಲಿಂದ ಮುಂದೆ ಕಡಪ, ರೇಣಿಗುಂಟಗಳ ಮೇಲೆ ಅರಕ್ಕೋಣಂ ಸೇರುತ್ತದೆ. ಈ ದಾರಿಯಲ್ಲಿ ಓಡಾಡಿದವರಿಗೆ ಗುತ್ತಿಯೆಂದರೆ ಬೆಟ್ಟದ ಮೇಲಿನ ಕೋಟೆ. ಅರಕ್ಕೋಣಂ ಎಂದರೆ ಗಾಡಿ ಬದಲಿಸುವ ಜಂಕ್ಷನ್. ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಾದರೋ ಇವೆರಡೂ ಜೇಡಗಳ ಊರುಗಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರಾಗಿದ್ದ ರೆಜಿನಾಲ್ಡ್ ಇನ್ನೆಸ್ ಪೋಕಾಕ್ ಅವರು ೧೮೯೯ರಲ್ಲಿ ಮರದಲ್ಲಿ ವಾಸಿಸುವ ಎರಡು ಹೆಜ್ಜೇಡಗಳನ್ನು ಲೋಕಕ್ಕೆ ಪರಿಚಯಿಸಿದರು. ಒಂದರ ಮಾದರಿ ಅರಕ್ಕೋಣಂನಿಂದ ಬಂದದ್ದು. ಅದಕ್ಕೆ ‘ರೇಗಾಲಿಸ್’, ಅಂದರೆ ರಾಜಯೋಗ್ಯ, ಎಂದು ಹೆಸರಿಟ್ಟರು. ಇನ್ನೊಂದು ಗುತ್ತಿಯದು, ಅದರ ಮೈ ಲೋಹದಂತೆ ಮಿನುಗುತ್ತಿದ್ದುದರಿಂದ ಅದು ‘ಮೆಟಾಲಿಕ’ ಆಯಿತು. ಇದಕ್ಕೂ ನಾಲ್ಕು ವರ್ಷ ಮುಂಚೆ, ೧೮೯೫ರಲ್ಲಿ, ಅವರೇ ಮೈಸೂರಿನಿಂದ ಬಂದ ಮಾದರಿಯನ್ನು ನೋಡಿ ‘ಸ್ಟ್ರಿಯಾಟ’ ಎಂಬ ಮತ್ತೊಂದು ಜಾತಿಯನ್ನು ವರ್ಣಿಸಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಇಂದಿಗೂ ಮೈಸೂರಿನದೇ ಹೆಸರು.

ಈ ಮೂರೂ ಒಂದೇ ಕುಲಕ್ಕೆ ಸೇರಿದವು. ಫ್ರಾನ್ಸಿನ ಯೂಜೀನ್ ಸಿಮೋನ್ ೧೮೮೫ರಲ್ಲಿ ಈ ಕುಲಕ್ಕೆ ‘ಪೀಸಿಲೋಥೀರಿಯ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದವನ್ನು ಕನ್ನಡದಲ್ಲಿ ‘ಚಿತ್ತಾರದ ಮೃಗ’ ಎನ್ನಬಹುದು. ಭಾರತ ಮತ್ತು ಸಿಂಹಳಗಳನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಈ ಕುಲ ಇಲ್ಲ.

ನಾನು ಆಳಂದ ತಾಲೂಕಿನ ಖಜೂರಿಯಲ್ಲಿ ಹುಡುಗರಿಗೆ ವಿಜ್ಞಾನ ಪಾಠ ಹೇಳುವವನು. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ, ಎರೆಭೂಮಿಯ, ತೊಗರಿಯ ಸೀಮೆ ಇದು. ಗುತ್ತಿಯ ನೀಲಿ ಜೇಡದ ಬಣ್ಣದ ಚಿತ್ರವೊಂದನ್ನು ತರಗತಿಯಲ್ಲಿ ತೋರಿಸಿದಾಗ ಹುಡುಗನೊಬ್ಬ ಎದ್ದು ನಿಂತು, “ಸರ್, ಇದನ್ನ ಮನ್ಯಾಗ ಸಾಕಬಹುದೇನ್ರಿ? ಮರಿ ಮಾಡಿಸಬಹುದೇನ್ರಿ?” ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ. ‘ಸಾಕಬಹುದು’ ಎಂಬುದು ಅದಕ್ಕೆ ಅರ್ಧ ಉತ್ತರ ಮಾತ್ರ. ಉಳಿದ ಅರ್ಧವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಜೇಡದ ಸಂಸಾರವನ್ನು ನೋಡೋಣ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡನಂತೆ ಇದು ಬಲೆ ಹರಡಿ ಕಾಯುವುದಿಲ್ಲ. ಹಳೆಯ ಮರದ ಪೊಟರೆಯೇ ಇದರ ಮನೆ. ಒಳಗೋಡೆಗೆ ರೇಷ್ಮೆಯಂಥ ಎಳೆಗಳ ಹಾಸನ್ನು ಹೊದಿಸಿಕೊಂಡು ಹಗಲೆಲ್ಲ ಅಡಗಿದ್ದು, ರಾತ್ರಿ ಬಾಗಿಲಿಗೆ ಬಂದು, ಹಾದುಹೋಗುವ ಕೀಟಗಳ ಮೇಲೆ ಮಿಂಚಿನಂತೆ ಎರಗುತ್ತದೆ. ಕನ್ನಡದಲ್ಲಿ ‘ಜೇಡ’ ಎಂದರೆ ನೇಕಾರನೆಂಬ ಅರ್ಥವೂ ಉಂಟು. ನಮ್ಮ ಪಕ್ಕದ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರನ್ನು ನಾಡು ಜೇಡರ ದಾಸಿಮಯ್ಯನೆಂದೇ ಕರೆಯಿತು. ಪೊಟರೆಯೊಳಗಿನ ಈ ನೇಕಾರನಿಗೂ ಮಗ್ಗಕ್ಕಿಂತ ಮಿಗಿಲಾದ ಆಸ್ತಿಯಿಲ್ಲ. ಅಮೆರಿಕದ ಹೆಜ್ಜೇಡಗಳು ವೈರಿಯ ಮೇಲೆ ಚುಚ್ಚುವ ರೋಮಗಳನ್ನು ಉದುರಿಸಿ ಪಾರಾಗುತ್ತವೆ. ನಮ್ಮವಕ್ಕೆ ಆ ಆಯುಧವಿಲ್ಲ. ಇವಕ್ಕಿರುವುದು ವೇಗ ಮತ್ತು ವಿಷ. ಕಚ್ಚಿಸಿಕೊಂಡವರು ಸತ್ತದ್ದಿಲ್ಲವಾದರೂ ತೀವ್ರವಾದ ನೋವಿನಿಂದಲೂ ದಿನಗಟ್ಟಲೆ ಮರುಕಳಿಸುವ ಸ್ನಾಯುಸೆಳೆತದಿಂದಲೂ ನರಳಿದ್ದುಂಟು. ಆದಕಾರಣ ಬಲ್ಲವರು ಇದನ್ನು ಕೈಯಲ್ಲಿ ಹಿಡಿಯುವುದಿಲ್ಲ.

ಯೂರೋಪು ಅಮೆರಿಕಗಳಲ್ಲಿ ಇವುಗಳನ್ನು ಸಾಕುವ ಹವ್ಯಾಸಿಗಳ ದೊಡ್ಡ ಸಮುದಾಯವೇ ಇದೆ. ಅವರ ಕ್ರಮ ಹೀಗೆ: ಅಗಲಕ್ಕಿಂತ ಎತ್ತರ ಹೆಚ್ಚಾಗಿರುವ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ನೆಟ್ಟಗೆ ನಿಲ್ಲಿಸಿದ, ಒಳಗೆ ಟೊಳ್ಳಾದ ಮರದ ತೊಗಟೆ, ತಳಕ್ಕೆ ನಾಲ್ಕು ಬೆರಳು ಮಣ್ಣು, ಕುಡಿಯಲು ಸಣ್ಣ ಬಟ್ಟಲಿನಲ್ಲಿ ನೀರು, ಎದುರುಬದುರು ಗೋಡೆಗಳಲ್ಲಿ ಗಾಳಿಯಾಡಲು ರಂಧ್ರಗಳು. ತೇವವಿರಬೇಕು, ಆದರೆ ಗಾಳಿ ಕೊಳೆಯಬಾರದು. ವಾರಕ್ಕೊಂದೆರಡು ಜೀರುಂಡೆಯೋ ಜಿರಲೆಯೋ ಸಿಕ್ಕಿದರೆ ಹೊಟ್ಟೆಗೆ ಸಾಕು. ಪೊರೆ ಬಿಡುವ ಕಾಲದಲ್ಲಿ ಮಾತ್ರ ಆಹಾರ ಹಾಕಬಾರದು. ಮೈ ಮೆತ್ತಗಿರುವ ಜೇಡವನ್ನು ಹಾಕಿದ ಹುಳುವೇ ಕಡಿದು ಕೊಂದೀತು.

ಮರಿ ಮಾಡಿಸುವುದು ಇದಕ್ಕಿಂತ ಸೂಕ್ಷ್ಮವಾದ ಕಾರ್ಯ. ಗಂಡು ಕೊನೆಯ ಪೊರೆ ಬಿಟ್ಟು ಪ್ರೌಢವಾದ ಮೇಲೆ ಒಂದು ಚಿಕ್ಕ ಹಾಸನ್ನು ನೆಯ್ದು, ಅದರ ಮೇಲೆ ವೀರ್ಯವನ್ನು ಬಿಟ್ಟು, ಬಾಯ ಬಳಿಯ ಎರಡು ಸ್ಪರ್ಶಾಂಗಗಳ ತುದಿಗೆ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಅದು ಹೆಣ್ಣನ್ನು ಹುಡುಕಿ ಹೊರಡುತ್ತದೆ. ಹೆಣ್ಣಿನ ಬಾಗಿಲ ಮುಂದೆ ಕಾಲಿನಿಂದ ಮರವನ್ನು ತಟ್ಟಿ, ಮೈ ನಡುಗಿಸಿ, ತಾನು ಊಟವಲ್ಲ, ವರನೆಂದು ತಿಳಿಸಬೇಕು. ಆಕೆ ತಿರುಗಿ ತಟ್ಟಿದರೆ ಒಪ್ಪಿಗೆ. ಕೂಡಿಕೆಯಾದ ಬಳಿಕ, ಮೊಟ್ಟೆಯಿಡುವ ಮೊದಲೇ ಹೆಣ್ಣು ಪೊರೆ ಕಳಚಿತೆಂದರೆ ಶೇಖರಿಸಿಟ್ಟ ವೀರ್ಯವೂ ಪೊರೆಯೊಡನೆ ಹೊರಟುಹೋಗಿ, ಇಡೀ ಪ್ರಯತ್ನ ವ್ಯರ್ಥವಾಗುತ್ತದೆ. ಎಲ್ಲವೂ ಸರಿಹೋದರೆ ಆಕೆ ಪೊಟರೆಯ ಬಾಯಿಗೆ ತೆರೆ ಕಟ್ಟಿ, ಒಳಗೆ ಮೊಟ್ಟೆಯ ಗಂಟನ್ನು ನೆಯ್ದು, ಅದನ್ನು ಅಪ್ಪಿಕೊಂಡು ಕೂರುತ್ತದೆ. ಮೊಟ್ಟೆಗಳು ಹಲವು ಹತ್ತು. ಕೆಲವೊಮ್ಮೆ ನೂರನ್ನು ಮೀರುವುದೂ ಉಂಟು. ಗಂಡಿನ ಆಯುಸ್ಸು ಮೂರು ನಾಲ್ಕು ವರ್ಷಗಳಾದರೆ, ಹೆಣ್ಣು ಹನ್ನೊಂದು ಹನ್ನೆರಡು ವರ್ಷ ಬದುಕುವುದುಂಟು. ಪೊಟರೆಯೊಳಗಿನ ಈ ಗುಟ್ಟುಗಳನ್ನು ಕಾಡಿನಲ್ಲಿ ಕಾಣುವುದು ದುಸ್ತರ. ಇವುಗಳಲ್ಲಿ ಬಹುಪಾಲು ನಮಗೆ ತಿಳಿದದ್ದು ಗಾಜಿನ ಪೆಟ್ಟಿಗೆಯ ಮುಂದೆ ರಾತ್ರಿಗಟ್ಟಲೆ ಕಾದು ಕುಳಿತವರ ತಾಳ್ಮೆಯಿಂದ. ಆ ಋಣವನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ಗುತ್ತಿಯ ಜೇಡದ ಕಥೆ. ೧೮೯೯ರ ಒಂದೇ ಮಾದರಿಯ ಬಳಿಕ ನೂರು ವರ್ಷಗಳ ಕಾಲ ಯಾರೂ ಈ ಪ್ರಾಣಿಯನ್ನು ಮತ್ತೆ ಕಂಡುದಾಗಿ ದಾಖಲಿಸಲಿಲ್ಲ. ಗುತ್ತಿಯ ಬೋಳು ಗುಡ್ಡಗಳಲ್ಲಿ ಅದು ಸಿಕ್ಕುವ ಹಾಗೂ ಇರಲಿಲ್ಲ. ಏಕೆಂದರೆ ಮೊದಲನೆಯ ಮಾದರಿ ಸಿಕ್ಕಿದ್ದು ರೈಲ್ವೆಯವರು ಮರ ಪೇರಿಸಿಡುತ್ತಿದ್ದ ಅಂಗಳದಲ್ಲಿ! ೨೦೦೧ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಸ್ಮಿತ್ ಅವರು ಅದನ್ನು ಮತ್ತೆ ಪತ್ತೆಮಾಡಿದ್ದು ಗುತ್ತಿಗೆ ಸುಮಾರು ೧೦೦ ಕಿಲೋಮೀಟರು ದೂರದಲ್ಲಿ, ನಂದ್ಯಾಲಕ್ಕೂ ಗಿದ್ದಲೂರಿಗೂ ನಡುವಿನ ಎಲೆಯುದುರುವ ಕಾಡಿನಲ್ಲಿ. ಕಡಿದ ದಿಮ್ಮಿಯ ಪೊಟರೆಯೊಳಗೆ ಕುಳಿತು ಆ ಮೊದಲ ಜೇಡ ಗಾಡಿಯಲ್ಲಿ ಗುತ್ತಿಗೆ ಬಂದಿರಬೇಕೆಂದು ಬಲ್ಲವರ ಊಹೆ. ಎಂದರೆ ವಿಜ್ಞಾನಕ್ಕೆ ಈ ಪ್ರಾಣಿಯ ಪರಿಚಯವಾದದ್ದೇ ಅದರ ಮನೆಯನ್ನು ಕಡಿದು ಉರುಳಿಸಿದ ಮೇಲೆ. ಆ ನೀಲಿಯ ಬಗೆಗೂ ಒಂದು ಮಾತು. ಅದು ಬಟ್ಟೆಗೆ ಹಾಕುವ ನೀಲಿಯಂಥ ಬಣ್ಣವಲ್ಲ. ರೋಮಗಳೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದರಿಸುವುದರಿಂದ ಕಣ್ಣಿಗೆ ಕಾಣುವ ಕಾಂತಿ, ನವಿಲುಗರಿಯಲ್ಲಿ ಕಾಣುವ ಹಾಗೆ.

ಈ ನೀಲಿಯೇ ಅದಕ್ಕೆ ಮೃತ್ಯುವಾಯಿತು. ಮರಳಿ ಸಿಕ್ಕ ಕೆಲವೇ ವರ್ಷಗಳಲ್ಲಿ ಅದು ಪಶ್ಚಿಮದ ಮಾರುಕಟ್ಟೆಗಳಲ್ಲಿ ‘ಗುತ್ತಿಯ ನೀಲಮಣಿ’ಯಾಗಿ ಭಾರಿ ಬೆಲೆಗೆ ಮಾರಾಟವಾಗತೊಡಗಿತು. ಹುಲಿ ಆನೆಗಳನ್ನು ಕಾಯುವ ನಮ್ಮ ೧೯೭೨ರ ವನ್ಯಜೀವಿ ಕಾಯಿದೆಯ ಪಟ್ಟಿಗಳಲ್ಲಿ ಆಗ ಜೇಡಕ್ಕೆ ಸ್ಥಳವಿರಲಿಲ್ಲ. ೨೦೦೮ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಂಕ್ತಿಗೆ ಸೇರಿಸಿತು. ಇದರ ನೆಲೆ ನೂರು ಚದರ ಕಿಲೋಮೀಟರಿಗಿಂತ ಕಡಿಮೆಯೆಂದು ಎಣಿಕೆ. ಅದೂ ಸೌದೆಗೆಂದೂ ಮರಮುಟ್ಟಿಗೆಂದೂ ಕೊಡಲಿಗೆ ತುತ್ತಾಗುತ್ತಿರುವ ಕಾಡು. ೨೦೧೯ರಲ್ಲಿ ಜಿನೀವಾದಲ್ಲಿ ನಡೆದ ರಾಷ್ಟ್ರಗಳ ಸಮ್ಮೇಳನದಲ್ಲಿ ಸಿಂಹಳ ಮತ್ತು ಅಮೆರಿಕ ಮುಂದಿಟ್ಟ ಸೂಚನೆಯಂತೆ ಇಡೀ ಪೀಸಿಲೋಥೀರಿಯ ಕುಲವೇ ವ್ಯಾಪಾರ ನಿಯಂತ್ರಣದ ಒಪ್ಪಂದಕ್ಕೆ ಒಳಪಟ್ಟಿತು. ಆ ಒಪ್ಪಂದವನ್ನು ಜಾರಿಗೆ ತರಲು ಭಾರತವು ೨೦೨೨ರಲ್ಲಿ ತನ್ನ ಕಾಯಿದೆಯನ್ನು ತಿದ್ದಿತು. ೨೦೨೪ರ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ವರದಿಮಾಡಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು.

ಹವ್ಯಾಸಿಗಳ ವಾದ ಒಂದುಂಟು. “ನಾವು ಪೆಟ್ಟಿಗೆಯಲ್ಲಿ ನೂರಾರು ಮರಿ ಮಾಡಿಸಿದ್ದರಿಂದಲೇ ಬೆಲೆ ಇಳಿಯಿತು, ಬೆಲೆ ಇಳಿದಷ್ಟೂ ಕಾಡಿನಿಂದ ಕದಿಯುವವರು ಕಡಿಮೆಯಾಗುತ್ತಾರೆ. ನಾಳೆ ಕಾಡೇ ಹೋದರೂ ನಮ್ಮಲ್ಲಿ ಬೀಜ ಉಳಿದಿರುತ್ತದೆ.” ಮೊದಲನೆಯ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ. ಪೆಟ್ಟಿಗೆಯ ಜೇಡಗಳು ಕಾಡಿನಿಂದ ಹೋದ ಕೆಲವೇ ತಾಯಂದಿರ ಸಂತಾನ. ಒಂದೇ ಗಂಟಿನ ಒಡಹುಟ್ಟುಗಳನ್ನೇ ಕೂಡಿಸಿದ್ದುಂಟು. ನೋಡಲು ಒಂದೇ ತೆರನಾದ ಬೇರೆಬೇರೆ ಜಾತಿಗಳು ಬೆರೆತು ಬೆರಕೆ ಹುಟ್ಟಿದ್ದೂ ಉಂಟು. ಯಾವ ಮರದಿಂದ, ಯಾವ ಕಾಡಿನಿಂದ ಬಂದದ್ದೆಂಬ ಲೆಕ್ಕವಿಲ್ಲದ ಪ್ರಾಣಿಯನ್ನು ಕಾಡಿಗೆ ಹಿಂದಿರುಗಿಸುವುದು ಹೇಗೆ? ಅಷ್ಟಾದರೂ ಹಿಂದಿರುಗಿಸೋಣವೆಂದರೆ, ಎಲ್ಲಿಗೆ?

ಕಷ್ಟವಿರುವುದು ಇಲ್ಲಿ. ಮೊಟ್ಟೆ ಮರಿಯಾಗಲು ವಾರಗಳು ಸಾಕು. ಮರಿ ತಾಯಿಯಾಗಲು ಕೆಲವು ವರ್ಷ ಸಾಕು. ಆದರೆ ಒಂದು ಪೊಟರೆಯಾಗಲು ಮರ ಮುದಿಯಾಗಬೇಕು. ಕೊಂಬೆ ಮುರಿಯಬೇಕು, ಮಳೆ ಇಳಿಯಬೇಕು, ಅಣಬೆ ತಿನ್ನಬೇಕು, ಮರಕುಟಿಗ ಕೊರೆಯಬೇಕು. ನಾವು ಒಂದು ತಲೆಮಾರಿನಲ್ಲಿ ಮಾಡಿ ಮುಗಿಸುವ ಕೆಲಸ ಇದಲ್ಲ. ಸಾಕುವವನು ಮರಿ ಹುಟ್ಟಿಸಬಲ್ಲ, ಪೊಟರೆ ಹುಟ್ಟಿಸಲಾರ. ಅವನ ತೊಗಟೆಯ ತುಂಡು ಪೊಟರೆಯ ಚಿತ್ರವೇ ಹೊರತು ಪೊಟರೆಯಲ್ಲ. ಮರವೊಂದನ್ನು ಕಡಿದು ಅದಕ್ಕೆ ಬದಲಾಗಿ ಹತ್ತು ಸಸಿ ನೆಟ್ಟೆವೆಂದು ಹೇಳುವವರ ಲೆಕ್ಕವೂ ಈ ಒಂದು ಅಂಶದಲ್ಲಿ ತಪ್ಪುತ್ತದೆ: ಹತ್ತು ಸಸಿಗಳಲ್ಲಿ ಒಂದು ಪೊಟರೆಯೂ ಇರುವುದಿಲ್ಲ.

ಖಜೂರಿಯ ಸುತ್ತಿನ ಹೊಲಗಳಲ್ಲಿ ನೀಲಿ ಜೇಡವಿಲ್ಲ. ಇದ್ದೀತೆಂದು ಹುಡುಗರಿಗೆ ಆಸೆ ಹುಟ್ಟಿಸುವುದೂ ಸಲ್ಲದು. ಆದರೆ ಮುದಿ ಬೇವು ಹುಣಿಸೆಗಳ ಪೊಟರೆಯಲ್ಲಿ ಹಾಲಕ್ಕಿಯುಂಟು, ಗಿಳಿಯುಂಟು, ಜೇನುಂಟು, ಹಲ್ಲಿಯುಂಟು, ಹೆಸರಿಲ್ಲದ ಎಷ್ಟೋ ಜೇಡಗಳುಂಟು. ರಸ್ತೆ ಅಗಲವಾದಾಗ ಮೊದಲು ಉರುಳುವುದು ಇವೇ; ‘ಒಳಗೆ ಪೊಳ್ಳು, ಉಪಯೋಗಕ್ಕೆ ಬಾರದ ಮರ’ ಎಂದು ಅವುಗಳಿಗೆ ಕೊಡುವ ತೀರ್ಪು. ಆ ಪೊಳ್ಳೇ ಅವುಗಳ ದೊಡ್ಡ ಉಪಯೋಗವೆಂದು ಹೇಳುವವರು ಬೇಕು.

ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟು: “ಸಾಕಬೇಕೆಂದರೆ ಮರವನ್ನೇ ಸಾಕು. ನಿನ್ನ ಹೊಲದ ಬದುವಿನಲ್ಲಿ ಪೊಟರೆಬಿದ್ದ ಒಂದು ಮರವಿದ್ದರೆ ಅದನ್ನು ಕಡಿಯದಂತೆ ನಿಮ್ಮಪ್ಪನಿಗೆ ಹೇಳು. ಸಂಜೆಯ ಹೊತ್ತು ದೂರ ಕುಳಿತು, ಅದರಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದನ್ನು ದಿನವೂ ಬರೆದಿಡು. ಕೈ ಮಾತ್ರ ಹಾಕಬೇಡ.” ಅವನಿಗೆ ಸ್ವಲ್ಪ ನಿರಾಸೆಯಾಗಿರಬೇಕು, ಗಾಜಿನ ಪೆಟ್ಟಿಗೆಯ ಬೆಡಗು ಈ ಕೆಲಸದಲ್ಲಿಲ್ಲ. ಆದರೂ ವಾರ ಕಳೆಯುವುದರೊಳಗೆ ಅವನ ನೋಟುಬುಕ್ಕಿನಲ್ಲಿ ಎರಡು ಪುಟ ತುಂಬಿತ್ತು. ಮೊದಲನೆಯ ಸಾಲಿನಲ್ಲಿ ಮರದ ಹೆಸರು, ಸುತ್ತಳತೆ ಇದ್ದವು. ಅದರ ಕೆಳಗೆ, ಅವರಜ್ಜನನ್ನು ಕೇಳಿ ಬರೆದುಕೊಂಡ ಮಾತು: ‘ಅಜ್ಜ ಸಣ್ಣವನಿದ್ದಾಗಲೂ ಈ ಪೊಟರೆ ಇತ್ತು.’